ಹಳದಿ ತಾಯಿಗೆ ಕಪ್ಪು ಮರಿ: ಮನೆಗೆ ಕ್ರಾಸ್ ನಾಯಿ ತರೋರ ಪ್ರಶ್ನೆಗಳು

ಕಳೆದ ಸಲ ಮುಧೋಳ ನಾಯಿ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕ್ರಾಸ್ ನಾಯಿಗಳದ್ದೇ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಮನೆಯಲ್ಲಿ ನಾವಿಬ್ಬರು, 9 ವರ್ಷದ ಮಗಳು, 74 ವರ್ಷದ ಅತ್ತೆ. ನಮ್ಮವರ ಪರಿಚಯದವರ ಮನೆಯಲ್ಲಿ ನಾಯಿ ಮರಿ ಹಾಕಿದೆ. ತಾಯಿ ಹಳದಿ ಲ್ಯಾಬ್ರಡಾರ್, ತಂದೆ ಜರ್ಮನ್ ಶೆಫರ್ಡ್ ಅಂತಾರೆ. ಆದರೆ ಆರು ಮರಿಗಳೂ ಕಡುಗಪ್ಪು! ಒಂದಕ್ಕೆ 8 ಸಾವಿರ ಹೇಳುತ್ತಿದ್ದಾರೆ. "ಕ್ರಾಸ್ ನಾಯಿಗೆ ಕಾಯಿಲೆ ಬರೋದೇ ಇಲ್ಲ, 35 ದಿನ ಆಯ್ತು, ಈಗಲೇ ಒಯ್ದರೆ ಚೆನ್ನಾಗಿ ಹೊಂದಿಕೊಳ್ಳುತ್ತೆ" ಅನ್ನೋದು ಅವರ ಮಾತು. ನನ್ನ ತಮ್ಮ ಮಾತ್ರ, "ಅಕ್ಕಾ, ಯಾವುದೋ ಕಂತ್ರಿ ನಾಯಿ ಮರಿ ತೋರಿಸಿ ಟೋಪಿ ಹಾಕ್ತಿದ್ದಾರೆ" ಅಂತಾನೆ. ಏನು ಮಾಡೋದು?
– ಓದುಗರು, ದಾವಣಗೆರೆ

ಉತ್ತರ: ಮೊದಲು ತಮ್ಮನಿಗೆ ಸಮಾಧಾನ ಹೇಳಿ. ಬಣ್ಣದ ವಿಷಯದಲ್ಲಿ ಟೋಪಿ ಏನೂ ಕಾಣುತ್ತಿಲ್ಲ. ಹಳದಿ ಲ್ಯಾಬಿನ ಒಳಗೆ ಸಾಮಾನ್ಯವಾಗಿ ಕಪ್ಪು ಬಣ್ಣದ ಜೀನ್ ಇದ್ದೇ ಇರುತ್ತೆ, ಇನ್ನೊಂದು ಜೀನ್ ಅದನ್ನು ಕೂದಲಲ್ಲಿ ಕಾಣಿಸಿಕೊಳ್ಳದ ಹಾಗೆ ತಡೆದಿರುತ್ತೆ ಅಷ್ಟೇ. ಆ ತಡೆ ಕೆಲಸ ಮಾಡಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಶೆಫರ್ಡ್ ಅಪ್ಪನಲ್ಲಿ ಸಾಮಾನ್ಯವಾಗಿ ಅದು ಇರಲ್ಲ. ತಡೆ ಹೋಯಿತು, ಅಡಗಿದ್ದ ಕಪ್ಪು ಹೊರಗೆ ಬಂತು. ನಿಜ ಹೇಳಬೇಕಂದ್ರೆ, ಮರಿಗಳೆಲ್ಲ ತಾಯಿಯ ಹಾಗೇ ಹಳದಿ ಇದ್ದಿದ್ದರೆ ನಾನು ಅಪ್ಪ ಯಾರು ಅಂತ ಇನ್ನೊಂದು ಸಲ ಕೇಳಿ ಅನ್ನುತ್ತಿದ್ದೆ. ಹಾಗಂತ ಕಪ್ಪು ಬಣ್ಣ ಶೆಫರ್ಡ್ ಅಪ್ಪನಿಗೆ ಸಾಕ್ಷಿಯೂ ಅಲ್ಲ. ಬೆದೆಗೆ ಬಂದ ಹೆಣ್ಣು ನಾಯಿ ಕಾಂಪೌಂಡ್ ದಾಟಿದ್ದರೆ ಒಂದೇ ಸೂಲಿನ ಮರಿಗಳಿಗೆ ಇಬ್ಬರು ಅಪ್ಪಂದಿರು ಇರೋದೂ ಉಂಟು.

ಅಪ್ಪ ಯಾರು ಅನ್ನೋದಕ್ಕಿಂತ ಅಮ್ಮ ಹೇಗಿದ್ದಾಳೆ ಅನ್ನೋದು ನಿಮಗೆ ಮುಖ್ಯ. ಆ ಮನೆಗೆ ಎರಡು ಸಲ ಹೋಗಿ, ಒಂದು ಸಲ ಹೇಳದೆ ಹೋಗಿ. ತಾಯಿ ನಿಮ್ಮನ್ನು ಕಂಡು ಒಂದೆರಡು ಸಲ ಬೊಗಳಿ, ಯಜಮಾನರು ಸಮಾಧಾನ ಮಾಡಿದ ಮೇಲೆ ಹತ್ತಿರ ಬಂದು ಮೂಸಿದರೆ ಒಳ್ಳೆಯದು. ಮೂಲೆ ಸೇರಿ ನಡುಗುತ್ತಿದ್ದರೆ, ಇಲ್ಲಾ "ಅದನ್ನ ಹಿಂದೆ ಕಟ್ಟಿದ್ದೀವಿ, ಹೊಸಬರನ್ನು ಕಂಡರೆ ಆಗಲ್ಲ" ಅಂದರೆ, ಕಾಫಿ ಕುಡಿದು ವಾಪಸ್ ಬನ್ನಿ. ಪುಕ್ಕಲು ತಾಯಿಯ ಮರಿಗಳಿಗೆ ಆ ಪುಕ್ಕಲು ರಕ್ತದಿಂದಲೂ ಬರುತ್ತೆ, ನೋಡಿ ಕಲಿತೂ ಬರುತ್ತೆ. ಆಮೇಲೆ ಮರಿಗಳ ಹತ್ತಿರ ನೆಲದ ಮೇಲೆ ಕೂತು ಬೀಗದ ಕೈ ಗೊಂಚಲನ್ನು ಪಕ್ಕಕ್ಕೆ ಬೀಳಿಸಿ. ಎಲ್ಲವೂ ಬೆಚ್ಚುತ್ತವೆ, ಅದು ಸಹಜ. ಬೆಚ್ಚಿ, ಅರ್ಧ ನಿಮಿಷದಲ್ಲಿ ತಿರುಗಿ ಬಂದು ಗೊಂಚಲನ್ನು ಮೂಸುವ ಮರಿ ಮಕ್ಕಳಿರುವ ಮನೆಗೆ ಸರಿಹೋಗುತ್ತೆ. ಇದೇನು ಪಕ್ಕಾ ಪರೀಕ್ಷೆ ಅಲ್ಲ, ಆದರೆ ಮುದ್ದು ಮುಖ ನೋಡಿ ಆರಿಸೋದಕ್ಕಿಂತ ವಾಸಿ.

35 ದಿನಕ್ಕೆ ಮಾತ್ರ ತರಬೇಡಿ. 8 ವಾರ ತುಂಬದ ಮರಿಯನ್ನು ಮಾರಬಾರದು ಅಂತ ಕೇಂದ್ರ ಸರ್ಕಾರದ 2017ರ ನಿಯಮವೇ ಇದೆ. ಕಾನೂನು ಬಿಡಿ, ಒಡಹುಟ್ಟಿದವರ ಜೊತೆ ಕಚ್ಚಾಡಿ, ಜೋರಾಗಿ ಕಚ್ಚಿದರೆ ಅದು ಕುಯ್ ಅನ್ನುತ್ತೆ, ಆಟ ನಿಲ್ಲುತ್ತೆ ಅಂತ ಮರಿ ಕಲಿಯೋದು ಈ ವಾರಗಳಲ್ಲೇ. ಬೇಗ ಬಂದ ಮರಿ ಆ ಪಾಠವನ್ನು ನಿಮ್ಮ ಮಗಳ ಕೈಮೇಲೆ ಕಲಿಯುತ್ತೆ.

ಇನ್ನು ಕಾಯಿಲೆ. ಒಂದು ತಳಿಯಲ್ಲಿ ಅಡಗಿರುವ ದೋಷ ಇನ್ನೊಂದರಲ್ಲಿ ಇಲ್ಲದಿದ್ದರೆ ಕ್ರಾಸ್ ಮರಿಗೆ ಅನುಕೂಲವೇ. ಆದರೆ ಎರಡರಲ್ಲೂ ಇದ್ದರೆ? ಲ್ಯಾಬ್ ಮತ್ತು ಶೆಫರ್ಡ್ ಎರಡಕ್ಕೂ ಸೊಂಟದ ಕೀಲಿನ ತೊಂದರೆ, ಅಂದರೆ ಹಿಪ್ ಡಿಸ್ಪ್ಲೇಸಿಯಾ, ಹಳೇ ನೆಂಟ. ತಾಯಿ ಕೂತಲ್ಲಿಂದ ಏಳುವಾಗ ಹಿಂಗಾಲು ಎಳೆದುಕೊಂಡು ಏಳುತ್ತಾಳಾ ನೋಡಿ. ಮರಿ ಬಂದ ಮೇಲೆ ಅದನ್ನು ದಪ್ಪ ಆಗೋಕೆ ಬಿಡಬೇಡಿ. ನುಣುಪು ಟೈಲ್ಸ್ ಮೇಲೆ ಜಾರದ ಹಾಗೆ ಹಳೇ ಜಮಖಾನ ಹಾಸಿ.

ನನಗೆ ನಿಜವಾಗಿ ಚಿಂತೆ ಇರೋದು ನಿಮ್ಮ ಅತ್ತೆಯವರದ್ದು. ನಮ್ಮ ಮನೆಯಲ್ಲೂ ಇಂಥದೇ ಒಂದಿತ್ತು, ಕರಿಯ ಅಂತ. ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡು. ಗೇಟು ಸದ್ದಾದರೆ ಶೆಫರ್ಡ್, ಬಂದವರ ಕೈಲಿ ಬಿಸ್ಕತ್ತು ಕಂಡರೆ ಲ್ಯಾಬ್. ಒಂದು ವರ್ಷಕ್ಕೆ 30 ಕೆಜಿ ದಾಟಿದ. ಯಾರನ್ನೂ ಕಚ್ಚಲಿಲ್ಲ, ಆದರೆ ಪ್ರೀತಿಯಿಂದ ಓಡಿ ಬಂದು ಹಿಂದಿನಿಂದ ಗುದ್ದಿ ನಮ್ಮಮ್ಮನನ್ನು ಹಿತ್ತಲಲ್ಲಿ ಬೀಳಿಸಿದ. ಮಣಿಕಟ್ಟು ಮುರಿದು ಆರು ವಾರ ಬ್ಯಾಂಡೇಜು. ಹಾಗಾಗಿ ಕೇಳುತ್ತೇನೆ: ಬೆಳಿಗ್ಗೆ ಸಂಜೆ ಅದನ್ನು ಓಡಾಡಿಸೋರು ಯಾರು? ನೀವಿಬ್ಬರೂ ಕೆಲಸಕ್ಕೆ ಹೋಗೋರಾದರೆ ಹಗಲೆಲ್ಲ ಅದು ಅತ್ತೆಯವರ ಪಾಲಿಗೇ. ಅವರು ಒಲ್ಲೆ ಅಂದರೆ ಈ ಕ್ರಾಸ್ ಬೇಡ, 10 ಕೆಜಿ ಒಳಗಿನದು ನೋಡಿ. ಅವರೇ "ತಗೊಂಡು ಬನ್ನಿ" ಅಂದರೆ ತನ್ನಿ. ಮನೆ ತುಂಬಾ ಕೂದಲಿಗೂ ತಯಾರಾಗಿ, ಎರಡೂ ತಳಿ ವರ್ಷಪೂರ್ತಿ ಉದುರಿಸುತ್ತವೆ.

8 ಸಾವಿರ ಜಾಸ್ತಿ. ಕ್ರಾಸ್ ಮರಿಗೆ ಶುದ್ಧ ತಳಿ ಅಂತ ಹೇಳುವ ಕೆನಲ್ ಕ್ಲಬ್ ಪೇಪರ್ ಸಿಗಲ್ಲ, ಚೌಕಾಸಿ ಮಾಡಿ. ಆ ದುಡ್ಡು ಲಸಿಕೆಗೆ ಬೇಕಾಗುತ್ತೆ.

ಪ್ರಶ್ನೆ: ಮಗನಿಗೆ ವೀಸಿಂಗ್ ಇದೆ. ಲ್ಯಾಬ್ರಡೂಡಲ್ ತಂದರೆ ಅಲರ್ಜಿ ಆಗೋದಿಲ್ಲ ಅಂತ ಮಾರುವವರು ಗ್ಯಾರಂಟಿ ಕೊಡ್ತಾರೆ. ನಂಬಬಹುದಾ ಮೇಡಂ?
– ಓದುಗರು, ಬೆಂಗಳೂರು

ಉತ್ತರ: ನಂಬಬೇಡಿ. ಈ ನಾಯಿ ಹುಟ್ಟಿದ ಕಥೆ ಕೇಳಿದರೆ ಯಾಕೆ ಅಂತ ಗೊತ್ತಾಗುತ್ತೆ. ಹವಾಯಿಯಲ್ಲಿ ಕಣ್ಣು ಕಾಣದ ಹೆಂಗಸೊಬ್ಬರಿಗೆ ದಾರಿ ತೋರಿಸುವ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಅಲರ್ಜಿ. 1989ರಲ್ಲಿ ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಲ್ಯಾಬ್ರಡಾರಿಗೂ ಕೂದಲು ಕಮ್ಮಿ ಉದುರುವ ಪೂಡಲ್‌ಗೂ ಕ್ರಾಸ್ ಮಾಡಿಸಿದರು. ಮೂರು ಮರಿ ಹುಟ್ಟಿದವು. ಕೂದಲು, ಜೊಲ್ಲಿನ ಸ್ಯಾಂಪಲ್ ಕಳಿಸಿ ನೋಡಿದರೆ ಆ ಗಂಡನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ! ಆಮೇಲೆ ಜಗತ್ತೆಲ್ಲ ಈ ಡೂಡಲ್ ಹುಚ್ಚು ಹರಡಿದ್ದು ನೋಡಿ ಕಾನ್ರನ್ ಅವರೇ ಯಾಕಾದರೂ ಮಾಡಿದೆನೋ ಅಂತ ಪೇಚಾಡಿಕೊಂಡರು.

ಅಲರ್ಜಿ ತರೋದು ಕೂದಲಲ್ಲ, ಜೊಲ್ಲಿನಲ್ಲಿ ಮತ್ತು ಉದುರುವ ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನು. ಕೂದಲು ಕಮ್ಮಿ ಉದುರಿದರೂ ನಾಯಿ ನೆಕ್ಕೋದು ನಿಲ್ಲಿಸಲ್ಲ ಅಲ್ವಾ. ಕೂದಲಿನ ವಿಷಯದಲ್ಲೂ ಭರವಸೆ ಇಲ್ಲ, ಒಂದೇ ಸೂಲಿನಲ್ಲಿ ಒಂದು ಮರಿ ಗುಂಗುರು, ಇನ್ನೊಂದು ಒರಟು ಆಗಬಹುದು. ಗುಂಗುರು ಕೂದಲನ್ನು ದಿನಾ ಬುಡದ ತನಕ ಬಾಚದಿದ್ದರೆ ಕಿವಿ ಹಿಂದೆ, ಕಂಕುಳಲ್ಲಿ ಕಂಬಳಿ ತರ ಗಂಟು ಕಟ್ಟುತ್ತೆ. ಆಮೇಲೆ ಬೋಳಿಸೋದೊಂದೇ ದಾರಿ. ಆರೋಗ್ಯದ ಲೆಕ್ಕ ಬೇಕಾ? ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2024ರಲ್ಲಿ ಲ್ಯಾಬ್ರಡೂಡಲ್ ಸೇರಿ ಮೂರು ಪೂಡಲ್ ಕ್ರಾಸ್‌ಗಳನ್ನು ಅವುಗಳ ಮೂಲ ತಳಿಗಳ ಜೊತೆ 57 ಕಾಯಿಲೆಗಳಲ್ಲಿ ಹೋಲಿಸಿದರು. ಬಹುಪಾಲು ಹೋಲಿಕೆಗಳಲ್ಲಿ ಏನೂ ವ್ಯತ್ಯಾಸ ಇರಲಿಲ್ಲ.

ಮಗನ ಡಾಕ್ಟರನ್ನು ಕೇಳಿ. ಅವರು ಸರಿ ಅಂದರೆ ನಾಯಿ ಇರುವ ನೆಂಟರ ಮನೆಗೆ ನಾಲ್ಕೈದು ಸಲ ಹೋಗಿ, ಪ್ರತಿ ಸಲ ಎರಡು ತಾಸು ಕೂರಿಸಿ, ರಾತ್ರಿ ಕೆಮ್ಮು ಬರುತ್ತಾ ನೋಡಿ. ಇನ್‌ಹೇಲರ್ ಜೇಬಲ್ಲಿರಲಿ.

ಪ್ರಶ್ನೆ: ರಾಟ್‌ವೀಲರ್ ಕ್ರಾಸ್ ಸಾಕಿದ್ದೇವೆ. ಸರ್ಕಾರ ಬ್ಯಾನ್ ಮಾಡಿದೆ ಅಂತ ಪಕ್ಕದ ಮನೆಯವರು ದಿನಾ ಹೆದರಿಸುತ್ತಾರೆ.
– ಓದುಗರು, ಮಂಗಳೂರು

ಉತ್ತರ: ಅವರು ಹೇಳೋದು 2024ರ ಮಾರ್ಚ್‌ನ ಕೇಂದ್ರದ ಸುತ್ತೋಲೆ. 23 ತಳಿಗಳನ್ನೂ ಅವುಗಳ ಕ್ರಾಸ್‌ಗಳನ್ನೂ ಅದರಲ್ಲಿ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಬೀಗಬೇಡಿ. ಲೈಸೆನ್ಸ್ ಮಾಡಿಸಿ, ಹೊರಗೆ ಹೋಗುವಾಗ ಗಟ್ಟಿ ಬೆಲ್ಟು ಹಾಕಿ, ರೇಬಿಸ್ ಚುಚ್ಚುಮದ್ದಿನ ಪುಸ್ತಕದ ಜೆರಾಕ್ಸ್ ಪಕ್ಕದ ಮನೆಯವರಿಗೂ ಒಂದು ಕೊಡಿ. ಪಾಪ, ಅವರ ಹೆದರಿಕೆ ಅವರಿಗೆ.

ಪ್ರಶ್ನೆ: ಬೀದಿ ನಾಯಿಗೂ ಎದುರು ಮನೆಯ ಪಮೇರಿಯನ್‌ಗೂ ಹುಟ್ಟಿದ ಮರಿಯೊಂದು ಮಳೆಯಲ್ಲಿ ನಮ್ಮ ಜಗುಲಿಗೆ ಬಂದು ಮಲಗಿದೆ, ಹೋಗ್ತಾನೇ ಇಲ್ಲ. ಇದೂ ಕ್ರಾಸ್ ಲೆಕ್ಕಕ್ಕೆ ಬರುತ್ತಾ? ಸಾಕಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬರದೆ ಏನು! ದುಡ್ಡು ಕೊಡದೆ ಸಿಕ್ಕಿದ ಕ್ರಾಸ್. ನಿಮ್ಮ ಹವೆಗೆ ಒಗ್ಗಿದ ಬೀದಿ ನಾಯಿಯ ಮರಿ, ಗಾತ್ರವೂ ಅಂಕೆಯಲ್ಲಿರುತ್ತೆ. ಈ ಪತ್ರಗಳಲ್ಲಿ ಬಂದ ನಾಯಿಗಳಲ್ಲೆಲ್ಲ ನನಗೆ ಇಷ್ಟವಾಗಿದ್ದು ಇದೇ.

ಜಂತಿನ ಔಷಧಿ ಈಗಲೇ ಹಾಕಿಸಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಂದು ಸಲ. ಕಿವಿ ಒಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಇದೆಯಾ ಅಂತ ದಿನಾ ನೋಡಿ, ಉಣ್ಣೆ ಜ್ವರ ಬಂದರೆ ಮರಿಯ ಜೀವಕ್ಕೇ ಕುತ್ತು ಬರಬಹುದು. ಹೆಣ್ಣಾದರೆ ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ವರ್ಷದೊಳಗೆ ಇನ್ನೊಂದು ಪತ್ರ ಬರೆಯುತ್ತೀರಿ. ಮತ್ತೆ, ರಾತ್ರಿ ಅಂಗಳದಲ್ಲಿ ಕಟ್ಟಿಹಾಕಬೇಡಿ. ನಿಮ್ಮ ಕಡೆ ಚಿರತೆಗೆ ನಾಯಿ ಅಂದರೆ ಸುಲಭದ ಊಟ, ಕಟ್ಟಿದ ನಾಯಿಗೆ ಓಡೋಕೂ ಆಗಲ್ಲ. ಕತ್ತಲಾದ ಕೂಡಲೇ ಒಳಗೆ ಕರೆದುಕೊಳ್ಳಿ, ಒಂದು ಗೋಣಿ ಹಾಸಿದರೆ ಸಾಕು.