ಬೈಪಾಸಿನಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಬಂದಿದೆ, ನಮ್ಮ ಮೂರು ದಿನಸಿ ಅಂಗಡಿಗಳಲ್ಲಿ ಬೆಲೆ ಇಳಿಸಬೇಕೆ?

ಮೂರು ಅಂಗಡಿ, ಹತ್ತು ಹನ್ನೆರಡು ಜನ ಕೆಲಸದವರು, ಬೈಪಾಸಿನಲ್ಲಿ ಹೊಸ ಸೂಪರ್ ಮಾರ್ಕೆಟ್, ಎಂಬಿಎ ಓದುವ ತಮ್ಮ ಬರೆದುಕೊಟ್ಟ ವ್ಯಾಪಾರದ ಮೇಲೆ ಒತ್ತಡ ಹಾಕುವ ‘ಐದು ಶಕ್ತಿ’ಗಳ ಚಾರ್ಟು. ಬೆಲೆ ಇಳಿಸುವುದೋ, ನಾಲ್ಕನೇ ಅಂಗಡಿ ತೆರೆಯುವುದೋ ಎಂದು ಕೇಳಿದ್ದೀರಿ. ನಾನು ದಿನಸಿಯವನಲ್ಲ, ಕೇಬಲ್ ಟಿವಿಯವನು. ಆದರೆ ನೀವು ಈಗ ನಿಂತಿರುವ ಜಾಗ ನನಗೆ ಚೆನ್ನಾಗಿ ಗೊತ್ತು.

ತಿಪಟೂರಿನ ಕಡೆ ನಮ್ಮ ಅಣ್ಣ ತೊಂಬತ್ತರ ದಶಕದಲ್ಲಿ ಡಿಶ್ ಇಟ್ಟು ಶುರು ಮಾಡಿದ ಕೇಬಲ್ ಜಾಲ ನಮ್ಮದು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಜನರೇ ಹುಡುಕಿಕೊಂಡು ಬಂದು ‘ನಮ್ಮನೆಗೂ ಒಂದು ವೈರ್ ಎಳೀರಿ’ ಎನ್ನುತ್ತಿದ್ದರು. ನಾನು ವ್ಯವಹಾರ ವಹಿಸಿಕೊಳ್ಳುವ ಹೊತ್ತಿಗೆ ಸುಮಾರು 2000 ಮನೆ ನಮ್ಮವು. ರೈಲ್ವೆ ಗೇಟಿನ ಆಚೆ ಇನ್ನೊಬ್ಬ ಆಪರೇಟರ್ ಇದ್ದ. ಅವನ ವೈರು ನಮ್ಮ ಬೀದಿಗೆ, ನಮ್ಮದು ಅವನ ಬೀದಿಗೆ ನುಗ್ಗುತ್ತಿದ್ದವು.

2012ರ ಸುಮಾರಿಗೆ ಕನೆಕ್ಷನ್ ಕಳಚಿಕೊಳ್ಳತೊಡಗಿದವು. ತಿಂಗಳಿಗೆ ಐದು, ಹತ್ತು, ಮುಂದೆ ಇನ್ನೂ ಹೆಚ್ಚು. ಆಚೆಯವನು ಎಳೆದುಕೊಳ್ಳುತ್ತಿದ್ದಾನೆ ಎಂದು ನಿರ್ಧಾರ ಮಾಡಿಬಿಟ್ಟೆ. 180 ರೂಪಾಯಿ ಇದ್ದ ತಿಂಗಳ ಬಾಡಿಗೆಯನ್ನು 150ಕ್ಕೆ ಇಳಿಸಿದೆ. ಅವನೂ ಇಳಿಸಿದ. ನಾನು 130 ಮಾಡಿದೆ. ಅವನೂ ಮಾಡಿದ. ಕನೆಕ್ಷನ್ ಹೋಗುವುದು ಮಾತ್ರ ನಿಲ್ಲಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಇದೇ. ಕಲೆಕ್ಷನ್ ಪುಸ್ತಕದಲ್ಲಿ ಮನೆ ನಂಬರು, ಹೆಸರು, ತಿಂಗಳು, ಹಣ ಎಂದು ಕಾಲಂ ಇದ್ದವು. ಬಿಟ್ಟುಹೋದ ಮನೆಯ ಮುಂದೆ ಹುಡುಗರು ಕೆಂಪು ಶಾಯಿಯಲ್ಲಿ ‘ಕಟ್’ ಎಂದು ಬರೆಯುತ್ತಿದ್ದರು. ಯಾಕೆ ಕಟ್ ಎಂದು ಬರೆಯಲು ಜಾಗವೇ ಇರಲಿಲ್ಲ. ತಿಂಗಳ ಕೊನೆಗೆ ಕೆಂಪು ಗೆರೆ ಎಣಿಸಿ, ಅಷ್ಟೂ ಆಚೆಯವನ ಪಾಲು ಎಂದು ಲೆಕ್ಕ ಹಾಕುತ್ತಿದ್ದೆ. ಅವನ ಮುಖ ದಿನಾ ಕಾಣುತ್ತಿತ್ತು, ಅವನ ಮೇಲೆ ಸಿಟ್ಟಿತ್ತು. ನಷ್ಟಕ್ಕೆಲ್ಲ ಅವನನ್ನೇ ಕಾರಣ ಮಾಡುವುದು ಸುಲಭವಾಗಿತ್ತು.

ಇನ್ನು ದುಡ್ಡಿನ ಲೆಕ್ಕ. ಮನೆಗೆ 50 ರೂಪಾಯಿಯಂತೆ 2000 ಮನೆಗೆ ತಿಂಗಳಿಗೆ ಒಂದು ಲಕ್ಷ ಬಿಟ್ಟುಕೊಟ್ಟೆ. ಹೋಗುವ ನೂರು ಮನೆ ಉಳಿಯಲಿ ಎಂದು, ಹೋಗುವ ಯೋಚನೆಯೇ ಇಲ್ಲದ 1900 ಮನೆಗೂ ರಿಯಾಯಿತಿ ಕೊಟ್ಟ ಹಾಗಾಯಿತು. ಆ ನೂರು ಮನೆಯವರಾದರೂ ದುಬಾರಿ ಎಂದು ದೂರಿದ್ದರೇ? ಕಲೆಕ್ಷನ್ ಹುಡುಗನೊಬ್ಬ ಹೇಳಲು ಬಂದಿದ್ದ: ‘ಅಣ್ಣ, ಅವರು ಆಚೆ ಕಡೆಯದೂ ಹಾಕಿಸ್ಕೊಂಡಿಲ್ಲ. ರೇಟಿನ ಮಾತೇ ಎತ್ತಲಿಲ್ಲ.’ ಹಾಗಾದರೆ ನಿನಗೆ ವಸೂಲಿ ಮಾಡೋಕೆ ಬರಲ್ಲ ಎಂದು ಗದರಿಸಿ ಕಳಿಸಿದೆ. ಆಮೇಲೆ ಆ ಹುಡುಗ ಮಾತ್ರವಲ್ಲ, ಬೇರೆ ಯಾರೂ ಏನನ್ನೂ ಹೇಳಲಿಲ್ಲ. ಒಂದು ಲಕ್ಷಕ್ಕಿಂತ ದೊಡ್ಡ ನಷ್ಟ ಅದು. ಊರಿನ ಪ್ರತಿ ಮನೆಯ ಬಾಗಿಲಿಗೆ ತಿಂಗಳಿಗೊಮ್ಮೆ ಹೋಗಿ ನಿಲ್ಲುವ ಜನ ನನ್ನ ಬಳಿ ಇದ್ದರು, ಅವರ ಬಾಯನ್ನು ನಾನೇ ಮುಚ್ಚಿಸಿದೆ.

ಅಷ್ಟರಲ್ಲಿ ಕೇಬಲ್ ಟಿವಿ ಡಿಜಿಟಲ್ ಆಗುವುದು ಕಡ್ಡಾಯವಾಯಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರ ಗಡುವು. ನಮ್ಮಂಥ ಊರುಗಳಿಗೆ ಮೂರನೇ ಹಂತದಲ್ಲಿ 2015ರ ಡಿಸೆಂಬರ್ 31. ಕೋರ್ಟು, ತಡೆಯಾಜ್ಞೆ ಎಂದು ಕೆಲವು ಕಡೆ ಮುಂದೆ ಹೋಯಿತು, ಆದರೆ ತಪ್ಪಲಿಲ್ಲ. ಮನೆಗೊಂದು ಸೆಟ್ ಟಾಪ್ ಬಾಕ್ಸ್ ಹಾಕಲೇಬೇಕು. ಅದಕ್ಕೆಂದು ಇರಬೇಕಾಗಿದ್ದ ಹಣ ರಿಯಾಯಿತಿಯಲ್ಲಿ ಕರಗಿಹೋಗಿತ್ತು.

ಬಾಕ್ಸ್ ವಿಚಾರಕ್ಕೆ ತುಮಕೂರಿನಲ್ಲಿ ಕರೆದ ಸಭೆಗೆ ನಾನೂ ಆಚೆಯವನೂ ಹೋಗಿದ್ದೆವು. ಊಟದ ಹೊತ್ತಿಗೆ ಮಾತು ಸ್ವಲ್ಪ ಬಿರುಸಾಯಿತು. ‘ನಮ್ಮ ಮನೆಗಳನ್ನೆಲ್ಲ ಕಿತ್ಕೊಂಡ್ರಿ’ ಎಂದೆ. ‘ನಾನು ನಿಮಗೆ ಹೇಳಬೇಕಾದ ಮಾತು ಅದು’ ಎಂದು ಅವನು ತನ್ನ ಪುಸ್ತಕ ತೆಗೆದ. ಹೆಚ್ಚುಕಡಿಮೆ ನಮ್ಮಷ್ಟೇ ಕಟ್. ನನ್ನವರು ಅವನ ಬಳಿ ಹೋಗಿರಲಿಲ್ಲ, ಅವನವರು ನನ್ನ ಬಳಿ ಬಂದಿರಲಿಲ್ಲ.

ಆಮೇಲೆ ಬಿಟ್ಟುಹೋದವರ ಮನೆಗಳಿಗೆ ನಾನೇ ಹೋದೆ. ಒಂದು ಬಡಾವಣೆ ಪೂರ್ತಿ ಡಿಟಿಎಚ್, ಅಂದರೆ ಮನೆಗೊಂದು ಸ್ವಂತ ಡಿಶ್ ಹಾಕಿಸಿಕೊಂಡಿತ್ತು. ಅಲ್ಲಿ ಮನೆಮನೆಗೂ ಯುಪಿಎಸ್ ಇತ್ತು, ಆದರೆ ವೈರಿನ ಸಿಗ್ನಲ್‌ಗೆ ಬಲ ಕೊಡುವ ನಮ್ಮ ಆಂಪ್ಲಿಫೈಯರ್ ಇದ್ದ ಬೀದಿಯಲ್ಲಿ ಕರೆಂಟು ಹೋದರೆ ಅವರ ಟಿವಿಯೂ ಖಾಲಿ. ಸಂಜೆ ಲೋಡ್ ಶೆಡ್ಡಿಂಗ್, ಧಾರಾವಾಹಿಯ ಹೊತ್ತು. ಆಂಪ್ಲಿಫೈಯರಿಗೆ ಬ್ಯಾಟರಿ ಕೂರಿಸಲು ಒಂದು ತಿಂಗಳ ರಿಯಾಯಿತಿಯ ಹಣವೂ ಬೇಕಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ದೂರದರ್ಶನದ ಫ್ರೀ ಡಿಶ್ ಬಂದಿತ್ತು. ತಿಂಗಳ ಬಾಡಿಗೆಯೇ ಇಲ್ಲದ ಅದರ ಮುಂದೆ ನಾನು 100ಕ್ಕೆ ಇಳಿಸಿದರೂ ಪ್ರಯೋಜನವಿರಲಿಲ್ಲ. ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಟಿವಿಯನ್ನೇ ನಿಲ್ಲಿಸಿದ್ದರು. ಅಂಥ ಒಂದು ಮನೆಯ ಯಜಮಾನರು ‘ನಿಮ್ಮ ವೈರಲ್ಲಿ ಇಂಟರ್ನೆಟ್ ಬರಲ್ವಾ?’ ಎಂದು ಕೇಳಿದರು. ಹುಡುಗರನ್ನು ವಿಚಾರಿಸಿದರೆ, ಆ ಪ್ರಶ್ನೆಯನ್ನು ಅವರು ಎಷ್ಟೋ ಮನೆಗಳಲ್ಲಿ ಕೇಳಿಸಿಕೊಂಡಿದ್ದರು.

2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಮುಂದಿನ ಮಾರ್ಚ್‌ವರೆಗೂ ಡೇಟಾ ಪುಕ್ಕಟೆ. 2019ರ ಫೆಬ್ರವರಿಯಲ್ಲಿ ಕೇಬಲ್ ದರ ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಜಾರಿಯಾಯಿತು: ನೂರು ಚಾನೆಲ್‌ವರೆಗೆ ಹೆಚ್ಚೆಂದರೆ 130 ರೂಪಾಯಿ, ಮೇಲೆ ಶೇ 18 ತೆರಿಗೆ, ಪೇ ಚಾನೆಲ್‌ಗೆ ಬೇರೆ ಹಣ. ನಾನೂ ಆಚೆಯವನೂ ಜಗ್ಗಾಡಿದ ದರ ಇಬ್ಬರ ಕೈಯಲ್ಲೂ ಉಳಿಯಲಿಲ್ಲ. ಚಾನೆಲ್ ಬೆಲೆ ಪ್ರಸಾರ ಸಂಸ್ಥೆಯದು, ಸಿಗ್ನಲ್ ನಮ್ಮಂಥವರಿಗೆ ಚಾನೆಲ್ ಕಳಿಸಿಕೊಡುವ ದೊಡ್ಡ ಕಂಪನಿ, ಅಂದರೆ ಎಂಎಸ್‌ಒ ಕಡೆಯದು. ನಮ್ಮದು ಎಂದು ಉಳಿದದ್ದು ಕಂಬದಿಂದ ಮನೆಯವರೆಗಿನ ದಾರಿ, ಕರೆದರೆ ಅರ್ಧ ಗಂಟೆಯಲ್ಲಿ ಬರುವ ಹುಡುಗರು. ಅದನ್ನೇ ನಂಬಿ ಸಾಲ ಮಾಡಿ ಫೈಬರ್ ಎಳೆದೆವು, ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಫ್ರಾಂಚೈಸಿ ತೆಗೆದುಕೊಂಡೆವು, ಹುಡುಗರು ಫೈಬರ್ ತುದಿಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಕಲಿತರು. ಆಚೆಯವನ ಜೊತೆ ಸೇರಿಯೇ ಮಾಡಿದ್ದು. ಇಂದು ಸಂಬಳ ಕೊಡುತ್ತಿರುವುದು ಇಂಟರ್ನೆಟ್ಟು, ಟಿವಿ ಅಲ್ಲ. ಆ ಮನೆಯವರು ಕೇಳಿದ ದಿನವೇ ಶುರು ಮಾಡಿದ್ದರೆ ಸಾಲದ ಭಾರ ಅರ್ಧ ಇರುತ್ತಿತ್ತು.

ನಿಮ್ಮ ತಮ್ಮನ ಚಾರ್ಟು ಅಮೆರಿಕದ ಹಾರ್ವರ್ಡಿನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1979ರಲ್ಲಿ ಬರೆದದ್ದರಿಂದ ಬಂದದ್ದು. ಈಗಿರುವ ಎದುರಾಳಿಗಳು, ಹೊಸದಾಗಿ ಕಾಲಿಡುವವರು, ಬದಲಿ ಸರಕು, ಮಾಲು ಕೊಡುವವರು, ಕೊಳ್ಳುವವರು. ಅದರಲ್ಲಿ ತಪ್ಪಿಲ್ಲ, ಐದೂ ನಮ್ಮ ಊರಿನಲ್ಲಿದ್ದವು. ನಾನು ಚಾರ್ಟಿನ ನಡುವಿನ ‘ಎದುರಾಳಿ’ ಪೆಟ್ಟಿಗೆಯನ್ನೇ ದಿಟ್ಟಿಸುತ್ತಿದ್ದಾಗ ಉಳಿದ ನಾಲ್ಕು ಕಡೆಯಿಂದ ಮನೆಗಳು ಸೋರಿದವು. ಆ ಪೆಟ್ಟಿಗೆಗಳನ್ನು ಕಚೇರಿಯಲ್ಲಿ ಕೂತು ತುಂಬಲು ಆಗುವುದಿಲ್ಲ. ತುಂಬಬೇಕಾದವರು ನಿಮ್ಮ ಗಲ್ಲಾದವನು, ಮನೆಗೆ ಸಾಮಾನು ಹಾಕುವ ಹುಡುಗ.

ಆದ್ದರಿಂದ ‘ಬೆಲೆಯೋ, ಶಾಖೆಯೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವ್ಯಾಪಾರ ಕಡಿಮೆಯಾಗಿರುವುದು ಸೂಪರ್ ಮಾರ್ಕೆಟಿನಿಂದಲೇ ಎಂದು ನೀವು ಆಗಲೇ ತೀರ್ಮಾನಿಸಿದ್ದೀರಿ. ಇರಬಹುದು. ಮೊದಲು ಗಿರಾಕಿಗಳ ತಿಂಗಳ ಸಾಮಾನಿನ ಚೀಟಿಗಳನ್ನು ತೆಗೆಯಿರಿ. ಖಾತೆ ಇರುವ ಮನೆಗಳ ಹೋದ ವರ್ಷದ ಚೀಟಿ, ಈ ತಿಂಗಳ ಚೀಟಿ ಪಕ್ಕಪಕ್ಕ ಇಡಿ. ಎಣ್ಣೆ, ಸೋಪಿನ ಪುಡಿ, ಬಿಸ್ಕತ್ತು ಮಾತ್ರ ಮಾಯವಾಗಿ ಅಕ್ಕಿ ಬೇಳೆ ಹಾಗೇ ಇದ್ದರೆ ಅದು ಬೈಪಾಸಿನವನ ಕೆಲಸ. ಅಲ್ಲಿ ನಿಮ್ಮ ಜಗಳ ಅವನೊಂದಿಗಲ್ಲ, ಅವನಿಗೊಂದು ದರ ನಿಮಗೊಂದು ದರ ಕೊಡುವ ಕಂಪನಿ ಡಿಸ್ಟ್ರಿಬ್ಯೂಟರ್ ಜೊತೆ. ಊರಿನ ಉಳಿದ ಅಂಗಡಿಯವರನ್ನೂ ಕೂಡಿಸಿಕೊಂಡು ಹೋಗಿ ಕೇಳಿ. ಇಡೀ ಚೀಟಿಯೇ ನಿಂತಿದ್ದರೆ ಆ ಮನೆಗೆ ನೀವೇ ಹೋಗಿ. ಮ್ಯಾನೇಜರನ್ನು ಕಳಿಸಬೇಡಿ. ಮಗ ಬೆಂಗಳೂರಿನಿಂದ ಮೊಬೈಲಿನಲ್ಲಿ ಸಾಮಾನು ಹಾಕಿಸುತ್ತಿರಬಹುದು, ಮೊಣಕಾಲು ನೋವಿಗೆ ಅಂಗಡಿ ಮೆಟ್ಟಿಲು ಹತ್ತಲಾಗದಿರಬಹುದು, ನಿಮ್ಮ ಹುಡುಗ ಬಾಕಿ ಕೇಳಿದ ರೀತಿ ಅವರ ಮನಸ್ಸಿಗೆ ನೋವು ಮಾಡಿರಬಹುದು. ಈ ಮೂರಕ್ಕೂ ಬೆಲೆ ಇಳಿಸುವುದು ಮದ್ದಲ್ಲ.

ಕೆಟ್ಟ ಸುದ್ದಿ ತಂದ ಕೆಲಸದವನನ್ನು ಗದರಿಸಬೇಡಿ. ‘ಯಾಕೆ’ ಎಂಬ ಕಾಲಂ ನಾಳೆಯೇ ಪುಸ್ತಕಕ್ಕೆ ಸೇರಲಿ, ವಾರಕ್ಕೊಮ್ಮೆ ಹನ್ನೆರಡೂ ಜನರನ್ನು ಕೂರಿಸಿಕೊಂಡು ಅದನ್ನು ಗಟ್ಟಿಯಾಗಿ ಓದಿಸಿ. ಬೆಲೆ ಇಳಿಸಲೇಬೇಕೆಂದರೆ ಚೀಟಿಯಿಂದ ಮಾಯವಾದ ನಾಲ್ಕೈದು ಸಾಮಾನಿಗೆ ಮಾತ್ರ ಇಳಿಸಿ, ಅದೂ ಎರಡು ತಿಂಗಳ ಮಟ್ಟಿಗೆ. ನಾಲ್ಕನೇ ಅಂಗಡಿಯ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲವಾದರೆ ಕೊಡಬೇಡಿ. ಕೊಟ್ಟಿದ್ದರೆ ಕರಾರು ಆಗುವ ಮುಂಚೆ ವಾಪಸು ಕೇಳಿ.