ಹೊಗೆಯೋ, ಧೂಳೋ, ಮೋಡವೋ? ಉಪಗ್ರಹ ಚಿತ್ರ ಓದುವವರ ಪ್ರಶ್ನೆಗಳು

ಪ್ರಶ್ನೆ: ಉಪಗ್ರಹ ಚಿತ್ರದಲ್ಲಿ ಬೂದು ಪಟ್ಟಿಯೊಂದು ಕಾಣುತ್ತದೆ. ಅದು ಹೊಗೆಯೋ, ಧೂಳೋ, ತೆಳು ಮೋಡವೋ ತಿಳಿಯುವುದು ಹೇಗೆ?

ಉತ್ತರ: ಬಣ್ಣವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಪಟ್ಟಿಯ ಬಾಲ ಹಿಡಿದು ಮೂಲಕ್ಕೆ ಹೋಗಿ. ಹೊಗೆ ಒಂದು ಚುಕ್ಕಿಯಿಂದ ಹೊರಟು ಬೀಸಣಿಗೆಯಂತೆ ಅಗಲವಾಗುತ್ತದೆ. ಧೂಳು ಒಣಗಿದ ಕೆರೆಯಂಗಳದಿಂದಲೋ ಬಯಲಿನಿಂದಲೋ ಅಕ್ಕಪಕ್ಕದ ಹಲವು ಎಳೆಗಳಾಗಿ ಏಳುತ್ತದೆ. ಚಾಡ್ ದೇಶದ ಬೊಡೆಲೆ ತಗ್ಗಿನ ಯಾವುದೇ ಧೂಳುಗಾಳಿಯ ಚಿತ್ರ ತೆಗೆದು ನೋಡಿ, ಈ ಎಳೆಗಳು ಕಣ್ಣಿಗೆ ಕಟ್ಟುತ್ತವೆ.

ಆಮೇಲೆ ನಾಸಾದ ಉಪಗ್ರಹ ಚಿತ್ರಗಳ ಜಾಲತಾಣ ವರ್ಲ್ಡ್‌ವ್ಯೂನಲ್ಲಿ ಅದೇ ದಿನದ ಸಹಜ ಬಣ್ಣದ ಮೋಡಿಸ್ (ನಾಸಾ ಉಪಗ್ರಹಗಳ ಸಂವೇದಕ) ಚಿತ್ರದ ಮೇಲೆ 7-2-1 ಬ್ಯಾಂಡ್ ಚಿತ್ರವನ್ನು (7, 2, 1ನೇ ತರಂಗ ಪಟ್ಟಿಗಳನ್ನು ಕೆಂಪು, ಹಸಿರು, ನೀಲಿಯಾಗಿ ತೋರಿಸುವುದು) ಹಾಕಿ. ಬ್ಯಾಂಡ್ 7 ನೋಡುವುದು 2.1 ಮೈಕ್ರೋಮೀಟರ್ ತರಂಗವನ್ನು. ಹೊಗೆಯ ಕಣಗಳು ಬಹುತೇಕ 1 ಮೈಕ್ರೋಮೀಟರ್‌ಗಿಂತ ಚಿಕ್ಕವು, ಆ ತರಂಗಕ್ಕೆ ಅವು ಅಡ್ಡ ಬರುವುದೇ ಇಲ್ಲ. ಹಾಗಾಗಿ ಹೊಗೆ ಮಾಯವಾಗುತ್ತದೆ ಅಥವಾ ತೆಳುನೀಲಿ ಮಬ್ಬಾಗಿ ಉಳಿಯುತ್ತದೆ, ಕೆಳಗಿನ ಸುಟ್ಟ ನೆಲ ಕೆಂಪು-ಕಂದಾಗಿ ಕಾಣುತ್ತದೆ. ನೀರಿನ ಹನಿಗಳ ಮೋಡ ಬೆಳ್ಳಗೇ ಇರುತ್ತದೆ, ಹಿಮಕಣಗಳ ಮೋಡ ಹಸಿರುನೀಲಿಗೆ ತಿರುಗುತ್ತದೆ. ಧೂಳಿನ ಕಣ ದಪ್ಪ, ಹೊಗೆಯಂತೆ ಕರಗಿಹೋಗುವುದಿಲ್ಲ.

ಬೆಂಕಿಯ ಕೆಂಪು ಚುಕ್ಕಿಗಳ ಪದರವನ್ನೂ ಹಾಕಬಹುದು, ಆದರೆ ಎಚ್ಚರ. ವಿಯರ್ಸ್ ಎಂಬ ಉಪಗ್ರಹ ಸಂವೇದಕದ ಒಂದು ಚುಕ್ಕಿ ಸುಮಾರು 375 ಮೀಟರ್ ಪಿಕ್ಸೆಲ್‌ನ ನಡುಬಿಂದು, ಬೆಂಕಿಯ ಗಡಿಯಲ್ಲ. ತೈಲ ಬಾವಿಯಲ್ಲಿ ಅನಿಲ ಉರಿಸಿದರೂ ಚುಕ್ಕಿ ಬೀಳುತ್ತದೆ. ದಟ್ಟ ಮೋಡದಡಿಯ ಬೆಂಕಿಗೆ ಬೀಳುವುದೇ ಇಲ್ಲ.

ಪ್ರಶ್ನೆ: ರಾತ್ರಿ ಇವನ್ನು ಹಿಂಬಾಲಿಸಬಹುದೇ?

ಉತ್ತರ: ಧೂಳನ್ನು ಆಗುತ್ತದೆ. ಹೊಗೆಯನ್ನು ಹೆಚ್ಚುಕಡಿಮೆ ಆಗುವುದಿಲ್ಲ. ರಾತ್ರಿ ಬಳಸುವ ಶಾಖದ ಚಾನೆಲ್‌ಗಳಿಗೆ (ಶಾಖ ಅಳೆಯುವ ತರಂಗ ಪಟ್ಟಿಗಳಿಗೆ) ಹೊಗೆ ಪಾರದರ್ಶಕ. ಬೆಳದಿಂಗಳಿದ್ದರೆ ವಿಯರ್ಸ್‌ನ ಹಗಲು-ರಾತ್ರಿ ಬ್ಯಾಂಡ್‌ನಲ್ಲಿ ಒಂದಿಷ್ಟು ಸಿಗುತ್ತದೆ, ಅಷ್ಟೆ.

ಧೂಳಿಗೆ ಯುರೋಪಿನ ಹವಾ ಉಪಗ್ರಹ ಸಂಸ್ಥೆ ಯುಮೆಟ್‌ಸ್ಯಾಟ್‌ನ ‘ಡಸ್ಟ್ ಆರ್‌ಜಿಬಿ’ (ಶಾಖದ ಅಳತೆಗಳನ್ನು ಕೆಂಪು, ಹಸಿರು, ನೀಲಿಯಾಗಿ ಬೆರೆಸಿದ ಚಿತ್ರ) ಬಳಸಿ. ಕೆಂಪಿಗೆ 12.0ರಿಂದ 10.8 ಮೈಕ್ರೋಮೀಟರ್ ಚಾನೆಲ್‌ನ ತಾಪ ಕಳೆಯಿರಿ, ವ್ಯಾಪ್ತಿ −4ರಿಂದ +2 ಕೆಲ್ವಿನ್. ಹಸಿರಿಗೆ 10.8ರಿಂದ 8.7 ಕಳೆಯಿರಿ, 0ರಿಂದ 15 ಕೆಲ್ವಿನ್, ಗಾಮಾ (ಬಣ್ಣದ ಹೊಳಪಿನ ತಿದ್ದುಪಡಿ) 2.5. ನೀಲಿಗೆ 10.8 ಒಂದೇ, 261ರಿಂದ 289 ಕೆಲ್ವಿನ್. ಧೂಳಿನ ಸಿಲಿಕೇಟ್ ಖನಿಜಗಳು 10.8ರಲ್ಲಿ ಹೆಚ್ಚು ಹೀರುತ್ತವೆ, 12ರಲ್ಲಿ ಕಡಿಮೆ. ಆದ್ದರಿಂದ ಕೆಂಪು ಏರಿ ಧೂಳು ಕಡುಗುಲಾಬಿಯಾಗುತ್ತದೆ. ತೆಳುವಾದ ಹಿಮಮೋಡದಲ್ಲಿ ಲೆಕ್ಕ ಉಲ್ಟಾ, ಅದು ಕಪ್ಪಾಗಿ ಕಾಣುತ್ತದೆ. ಸ್ವತಃ ಚಿತ್ರ ಕಟ್ಟುವವರು ಹೆಚ್ಚಾಗಿ ಎಡವುವುದು ಕಳೆಯುವ ಕ್ರಮದಲ್ಲಿ: 10.8ರಿಂದ 12 ಕಳೆದುಬಿಟ್ಟರೆ ಮೋಡವೇ ಧೂಳಿನ ವೇಷ ಹಾಕುತ್ತದೆ.

ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಗುಲಾಬಿ ಸಪ್ಪೆಯಾಗುತ್ತದೆ, ಏಕೆಂದರೆ ನೀರಾವಿಯ ಪರಿಣಾಮ ಧೂಳಿನದಕ್ಕೆ ವಿರುದ್ಧ. ನೆಲವೂ ಧೂಳಿನ ಪದರವೂ ಒಂದೇ ತಾಪಕ್ಕೆ ಬಂದರೂ ಅಷ್ಟೆ. ಒಂದು ಚಿತ್ರದಲ್ಲಿ ಗುಲಾಬಿ ಅಳಿಸಿಹೋಯಿತೆಂದು ಧೂಳು ಕೂತಿತು ಎಂದುಕೊಳ್ಳಬೇಡಿ.

ಪ್ರಶ್ನೆ: ಬೆಳಿಗ್ಗೆ ಸ್ಪಷ್ಟವಿದ್ದ ಹೊಗೆ ಮಧ್ಯಾಹ್ನ ಕಾಣೆಯಾಗಿ ಸಂಜೆ ಮತ್ತೆ ಬರುತ್ತದಲ್ಲ?

ಉತ್ತರ: ಹೊಗೆ ಎಲ್ಲಿಗೂ ಹೋಗಿರುವುದಿಲ್ಲ. ಅದು ಬೆಳಕನ್ನು ಹೆಚ್ಚಾಗಿ ಮುಂದಕ್ಕೆ ಚೆದುರಿಸುತ್ತದೆ. ಸೂರ್ಯ ಇಳಿದಿದ್ದು, ಉಪಗ್ರಹ ಎದುರು ದಿಕ್ಕಿನಲ್ಲಿದ್ದಾಗ ಹೊಳೆಯುತ್ತದೆ. ಭೂಸ್ಥಿರ ಉಪಗ್ರಹ (ಭೂಮಿಯ ಒಂದೇ ಜಾಗದ ಮೇಲೆ ನಿಂತಂತಿರುವುದು) ಹೊಗೆಯ ಜಾಗಕ್ಕೆ ಪೂರ್ವದಲ್ಲಿದ್ದರೆ ಸಂಜೆ, ಪಶ್ಚಿಮದಲ್ಲಿದ್ದರೆ ಬೆಳಿಗ್ಗೆ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ನಮ್ಮ ಮೇಲೆ ಹೊಗೆ ಕಂಡರೆ ಉಸಿರಾಡುವ ಗಾಳಿಯೂ ಕೆಟ್ಟಿದೆ ಎಂದೇ?

ಉತ್ತರ: ಹಾಗೇನಿಲ್ಲ. ಚಿತ್ರ ತೋರಿಸುವುದು ನೆಲದಿಂದ ಆಕಾಶದವರೆಗಿನ ಒಟ್ಟು ಮೊತ್ತ. ಎತ್ತರ ಅಂದಾಜಿಸಲು ಭೂಸ್ಥಿರ ಉಪಗ್ರಹಗಳಾದ ಜಪಾನಿನ ಹಿಮಾವರಿ ಅಥವಾ ಅಮೆರಿಕದ ಗೋಸ್-18ರ 10 ನಿಮಿಷದ ಚಿತ್ರಗಳನ್ನು ಓಡಿಸಿ, ಹೊಗೆಯ ಒಂದು ಅಂಚನ್ನು ಹಿಡಿಯಿರಿ. ಗಂಟೆಯಲ್ಲಿ 40 ಕಿ.ಮೀ. ಸರಿದರೆ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಈ ವೇಗ, ದಿಕ್ಕು ಎರಡೂ ಹವಾ ಮಾದರಿಯ 850, 700, 500 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ, ಸಂಖ್ಯೆ ಇಳಿದಂತೆ ಎತ್ತರ ಹೆಚ್ಚು) ಮಟ್ಟಗಳ ಗಾಳಿಯಲ್ಲಿ ಯಾವುದಕ್ಕೆ ಹೊಂದುತ್ತದೋ ಹೊಗೆ ಸರಿಸುಮಾರು ಅಲ್ಲಿದೆ. ದೂರವನ್ನು ಪಿಕ್ಸೆಲ್ ಎಣಿಸಿ ಅಳೆಯಬೇಡಿ. ಚಿತ್ರದ ಅಂಚಿಗೆ ಹೋದಂತೆ ಪಿಕ್ಸೆಲ್ ಹಿಗ್ಗುತ್ತದೆ. ಅಕ್ಷಾಂಶ, ರೇಖಾಂಶ ಹಿಡಿದೇ ಅಳೆಯಿರಿ. 500ರ ಗಾಳಿಗೆ ಹೊಂದಿದರೆ ಹೊಗೆ ಸುಮಾರು 5.5 ಕಿ.ಮೀ. ಮೇಲಿದೆ, ಸೂರ್ಯ ಕೆಂಪಾಗಿ ಕಾಣಬಹುದು, ನೆಲದ ಪಿಎಂ 2.5 (ಗಾಳಿಯ ಸೂಕ್ಷ್ಮ ಕಣ) ಮಾಪಕ ಮಾತ್ರ ಅಲುಗದೆ ಇರಬಹುದು.