ಕಾವಲಿ ಮೀನಿಗೆ ಎಂಥ ರಾಡ್ ತಗೊಳ್ಳೋದು?

ಪ್ರಶ್ನೆ: ನಾನು ಮಂಗಳೂರಿನ ಕೊಟ್ಟಾರದವನು. ಬರುವ ಮೇ ತಿಂಗಳಲ್ಲಿ ಆಫೀಸಿನ ನಾಲ್ಕು ಜನ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುವವರಿದ್ದೇವೆ. ಅಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವ ಆಸೆ. ಯಾವ ವಿಡಿಯೋ ನೋಡಿದರೂ "ಟ್ರೌಟ್ ಮತ್ತು ಪ್ಯಾನ್‌ಫಿಶ್‌ಗೆ ಅಲ್ಟ್ರಾಲೈಟ್ ರಾಡ್" ಎನ್ನುತ್ತಾರೆ. ಈ ಪ್ಯಾನ್‌ಫಿಶ್ ಎಂದರೆ ಯಾವ ಮೀನು? ರಾಡ್, ರೀಲ್ ಎರಡೂ ಸೇರಿ 3,000 ರೂಪಾಯಿ ಒಳಗೆ ಆಗಬೇಕು. ಊರಿಗೆ ಬಂದ ಮೇಲೆ ಕುಳೂರು ಹೊಳೆಯಲ್ಲೂ ಉಪಯೋಗಕ್ಕೆ ಬರಬೇಕು. ಅಂಗಡಿಯವರು 7 ಅಡಿಯ, ಒಂದರೊಳಗೊಂದು ತುಂಡು ಸೇರಿಕೊಳ್ಳುವ ಟೆಲಿಸ್ಕೋಪಿಕ್ ಸೆಟ್ ತೋರಿಸಿ "ಇದರಲ್ಲಿ ಹತ್ತು ಕಿಲೋ ಮೀನು ಎತ್ತಬಹುದು" ಎಂದರು. ತೆಗೆದುಕೊಳ್ಳಲಾ?

ಉತ್ತರ: ಬೇಡ ಮಾರಾಯ್ರೆ.

ಮೊದಲು ಪ್ಯಾನ್‌ಫಿಶ್ ವಿಷಯ ಮುಗಿಸೋಣ. ಅದು ಒಂದು ಜಾತಿಯ ಮೀನಲ್ಲ. ಅಮೆರಿಕದವರು ಇಡಿಯಾಗಿ ಬಾಣಲೆಗೆ ಹಿಡಿಸುವ ಸಣ್ಣ ಮೀನುಗಳಿಗೆಲ್ಲ ಒಟ್ಟಾಗಿ ಇಟ್ಟ ಹೆಸರು. ಬ್ಲೂಗಿಲ್, ಕ್ರಾಪಿ, ಪರ್ಚ್ ಇವೆಲ್ಲ ಅದರಲ್ಲಿ ಬರುತ್ತವೆ. ಅವು ಅಲ್ಲಿನ ಕೆರೆಗಳ ಮೀನು, ನಮ್ಮ ಹೊಳೆಯಲ್ಲಿ ಹುಡುಕಬೇಡಿ. ಆದರೆ ಲೆಕ್ಕ ಮಾತ್ರ ನಮ್ಮದೇ. ಕಾವಲಿಯ ಮೇಲೆ ಇಡಿಯಾಗಿ ಮಲಗುವ ಕಾಣೆ ಉಂಟಲ್ಲ, ಕೇರಳದವರು ಕರಿಮೀನು ಎನ್ನುವ ಆ ಚಪ್ಪಟೆ ಮೀನು ಉಂಟಲ್ಲ, ಅವೇ ನಮ್ಮ ಪ್ಯಾನ್‌ಫಿಶ್ ಅಂದುಕೊಳ್ಳಿ. ಟ್ರೌಟ್ ಇಲ್ಲಿ ಸಿಗುವುದಿಲ್ಲ. ಅದಕ್ಕೆ ತಣ್ಣಗೆ ಕೊರೆಯುವ ನೀರೇ ಬೇಕು. ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಕಾಶ್ಮೀರ, ಹಿಮಾಚಲ, ನೀಲಗಿರಿಯ ಹೊಳೆಗಳಿಗೆ ಬಿಟ್ಟದ್ದು, ಅಲ್ಲಿ ನೆಲೆ ನಿಂತಿತು. ನಮ್ಮ ಬಿಸಿಲಿಗೆ ಅದು ಒಂದು ದಿನವೂ ಬಾಳಲಿಕ್ಕಿಲ್ಲ.

ಈಗ ಆ ಹತ್ತು ಕಿಲೋ ಮಾತು. ರಾಡ್ ಆರಿಸುವಾಗ ಎಲ್ಲರೂ ತಪ್ಪುವುದು ಇಲ್ಲೇ. ಹಿಡಿಯುವ ಮೀನಿನ ತೂಕ ನೋಡಿ ರಾಡ್ ತಗೊಳ್ಳಬಾರದು, ಎಸೆಯುವ ವಸ್ತುವಿನ ತೂಕ ನೋಡಿ ತಗೊಳ್ಳಬೇಕು. ಟ್ರೌಟ್‌ಗೆ ನೀವು ಎಸೆಯುವುದು ತಗಡಿನ ಎಲೆ ತಿರುಗುವ ಒಂದು ಪುಟ್ಟ ಸ್ಪಿನ್ನರ್. 3-4 ಗ್ರಾಂ, ಅಂದರೆ ಹೆಚ್ಚು ಕಮ್ಮಿ ಒಂದು ರೂಪಾಯಿ ನಾಣ್ಯದ ತೂಕ. ನೀವು ಕೈ ಬೀಸಿದಾಗ ಆ ಸಣ್ಣ ತೂಕಕ್ಕೆ ರಾಡಿನ ತುದಿ ಬಿಲ್ಲಿನಂತೆ ಬಾಗಬೇಕು, ಬಾಗಿದ್ದು ಸಟ್ಟನೆ ನೆಟ್ಟಗಾಗುವಾಗ ಸ್ಪಿನ್ನರ್ ಹಾರುತ್ತದೆ. ಹತ್ತು ಕಿಲೋ ಮೀನಿನ ರಾಡ್ ಈ ತೂಕಕ್ಕೆ ಅಲುಗಾಡುವುದೂ ಇಲ್ಲ. ಹಾರೆಯ ತುದಿಗೆ ಗೇರುಬೀಜ ಕಟ್ಟಿ ಬೀಸಿದ ಹಾಗೆ ಆಗುತ್ತದೆ, ಸ್ಪಿನ್ನರ್ ನಿಮ್ಮ ಕಾಲಬುಡದಲ್ಲೇ ಬಿದ್ದಿರುತ್ತದೆ.

ಹಾಗಾಗಿ ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಹಿಡಿಯ ಸ್ವಲ್ಪ ಮೇಲೆ ಬರೆದಿರುವ ಸಣ್ಣ ಅಕ್ಷರ ಓದಿ. ಎಸೆಯುವ ತೂಕ ಎಷ್ಟರಿಂದ ಎಷ್ಟು, ದಾರ ಎಷ್ಟು ಪೌಂಡಿನದ್ದು, ಅಂದರೆ ಎಷ್ಟು ತೂಕದ ಎಳೆತ ತಡೆಯುವಂಥದ್ದು ಎಂದು ಅಲ್ಲಿ ಇರುತ್ತದೆ. ಏನೂ ಬರೆದಿಲ್ಲದ ರಾಡ್ ಆದರೆ ಸುಮ್ನೆ ವಾಪಸ್ ಇಡಿ. ಅಲ್ಟ್ರಾಲೈಟ್ ಆದರೆ ಸುಮಾರು 1ರಿಂದ 5 ಅಥವಾ 7 ಗ್ರಾಂ, ದಾರ 2ರಿಂದ 6 ಪೌಂಡ್. ಲೈಟ್ ಆದರೆ 3ರಿಂದ 10 ಗ್ರಾಂ, 4ರಿಂದ 8 ಪೌಂಡ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ಬರೇ ಟ್ರೌಟ್‌ಗೆ ಮಾತ್ರ ಆಗಿದ್ದರೆ ಅಲ್ಟ್ರಾಲೈಟ್ ಎನ್ನುತ್ತಿದ್ದೆ. ಕಾಲು ಕಿಲೋದ ಮೀನು ಕಚ್ಚಿದರೂ ಹಿಡಿಯವರೆಗೆ ಬಾಗುತ್ತದೆ, ಅದರ ಮಜವೇ ಬೇರೆ. ಆದರೆ ನಿಮಗೆ ಕುಳೂರೂ ಬೇಕಲ್ಲ. ಅಲ್ಲಿ ಏರು ನೀರು, ಇಳಿ ನೀರಿನ ಸೆಳೆತಕ್ಕೆ 3 ಗ್ರಾಂ ತೂಕ ತಳ ಮುಟ್ಟುವ ಮೊದಲೇ ಸೇತುವೆ ದಾಟಿ ಹೋಗಿರುತ್ತದೆ. ಸಿಗಡಿ ಚುಚ್ಚಿದ ಗಾಳವನ್ನು ತಳದಲ್ಲಿ ನಿಲ್ಲಿಸಲು 8-10 ಗ್ರಾಂ ಸೀಸ ಬೇಕೇ ಬೇಕು. ಅದಕ್ಕೇ ನನ್ನ ಓಟು 6ರಿಂದ ಆರೂವರೆ ಅಡಿಯ, ಎರಡು ತುಂಡಿನ, ಲೈಟ್ ಸ್ಪಿನ್ನಿಂಗ್ ರಾಡಿಗೆ. 2 ಅಥವಾ 3ರಿಂದ 10 ಗ್ರಾಂ ಎಂದು ಬರೆದಿದ್ದರೆ ಸರಿ. ತೀರ್ಥನ್‌ನಲ್ಲೂ ನಡೆಯುತ್ತದೆ, ಕುಳೂರಿನಲ್ಲೂ ನಡೆಯುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಎರಡು ರಾಡ್ ತಗೊಳ್ಳುವ ಯೋಚನೆ ಬಿಡಿ.

ಟೆಲಿಸ್ಕೋಪಿಕ್ ಬೇಡ ಎಂದದ್ದು ನನ್ನ ಕೈ ಸುಟ್ಟುಕೊಂಡ ಅನುಭವದಿಂದ. ಮೊದಲ ರಾಡ್ ಅಂತ ನಾನು ತಂದದ್ದು ಅದೇ, ಮಡಚಿದರೆ ಬ್ಯಾಗಿಗೆ ಹಿಡಿಸುತ್ತದೆ ಎಂಬ ಆಸೆಗೆ. ತಣ್ಣೀರುಬಾವಿಯಲ್ಲಿ ಎರಡು ಭಾನುವಾರ ಚೆನ್ನಾಗಿಯೇ ಇತ್ತು. ಮೂರನೇ ಭಾನುವಾರ ಸಂಜೆ ಮಡಚಲು ಹೋದರೆ ನಡುವಿನ ಎರಡು ತುಂಡು ಬರಲೇ ಇಲ್ಲ. ಕೀಲಿನೊಳಗೆ ಮರಳು, ಉಪ್ಪು ಸೇರಿ ಗಟ್ಟಿಯಾಗಿತ್ತು. ಬಟ್ಟೆ ಸುತ್ತಿ ತಿರುಗಿಸಿದೆ, ಮನೆಯವರು ತೆಂಗಿನೆಣ್ಣೆ ಬಿಡಿ ಎಂದರು, ಬಿಟ್ಟೆ. ಕೊನೆಗೆ ಎಳೆದ ರಭಸಕ್ಕೆ ತುದಿ ಪಟ್ ಎಂದಿತು. ಅಂಗಡಿಯವರು "ಇದಕ್ಕೆ ವಾರಂಟಿ ಇಲ್ಲ ಸರ್" ಎಂದು ನಕ್ಕರು. ತೀರ್ಥನ್‌ಗೆ ಮಾತ್ರ ಆಗಿದ್ದರೆ ನಡೆದೀತು, ಅಲ್ಲಿ ಸಿಹಿನೀರು. ನಮ್ಮ ಉಪ್ಪುನೀರಿಗೆ ಅದು ಆಗಿಬರುವುದಿಲ್ಲ.

ಎರಡು ತುಂಡಿನ ರಾಡನ್ನು ಅಷ್ಟು ದೂರ ಕೊಂಡೊಯ್ಯುವುದು ಹೇಗೆ ಎಂದು ಕೇಳುತ್ತೀರಿ. ಆರೂವರೆ ಅಡಿಯ ರಾಡ್ ಬಿಚ್ಚಿದರೆ ಒಂದು ಮೀಟರ್ ಆಗುತ್ತದೆ. ಅದಕ್ಕಿಂತ ನಾಲ್ಕು ಬೆರಳು ಉದ್ದದ ಎರಡಿಂಚಿನ ಪಿವಿಸಿ ಪೈಪು, ಎರಡೂ ಬದಿಗೆ ಮುಚ್ಚಳ, ಒಳಗೆ ಹಳೇ ಟವೆಲ್ಲು. ಪ್ಲಂಬರ್ ಹತ್ತಿರ ಉಳಿದ ತುಂಡು ಕೇಳಿದರೆ ಪುಕ್ಕಟೆ ಸಿಕ್ಕರೂ ಸಿಕ್ಕೀತು. ರಾಡುಗಳು ಮೀನಿನಿಂದ ಮುರಿಯುವುದು ಕಡಿಮೆ, ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯುವುದೇ ಜಾಸ್ತಿ.

ಕಾರ್ಬನ್ನಾ, ಫೈಬರ್ ಗ್ಲಾಸಾ ಎಂಬ ಚರ್ಚೆ ನಿಮ್ಮ ಬಜೆಟ್ಟಿಗೆ ದೊಡ್ಡದಲ್ಲ. ಕಾರ್ಬನ್ ಹಗುರ, ಮೀನು ಮೂಸಿದರೂ ಕೈಗೆ ಗೊತ್ತಾಗುತ್ತದೆ. ಆದರೆ ಬಂಡೆಗೆ ಒಮ್ಮೆ ಜೋರಾಗಿ ತಾಗಿದರೆ ಮುಗಿಯಿತು. ಗ್ಲಾಸ್ ಸ್ವಲ್ಪ ಭಾರ, ಮೆತ್ತಗೆ ಬಾಗುತ್ತದೆ, ಪೆಟ್ಟು ತಡೆಯುತ್ತದೆ. ಎರಡೂ ಬೆರೆಸಿದ್ದು ಸಿಕ್ಕಿದರೆ ಹೊಸಬರಿಗೆ ಅದೇ ಒಳ್ಳೆಯದು.

ಅದಕ್ಕಿಂತ ಮುಖ್ಯ, ಅಂಗಡಿಯಲ್ಲೇ ಹತ್ತು ನಿಮಿಷ ಪರೀಕ್ಷೆ ಮಾಡುವುದು. ಕಿಸೆಯಲ್ಲಿ ಒಂದಿಷ್ಟು ಹತ್ತಿ ಇಟ್ಟುಕೊಂಡು ಹೋಗಿ. ರಾಡ್ ಜೋಡಿಸಿ, ದಾರ ಹಾಯುವ ಪ್ರತಿ ಉಂಗುರದ ಒಳಗೆ ಹತ್ತಿಯನ್ನು ಸುತ್ತ ಉಜ್ಜಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸಣ್ಣ ಬಿರುಕು ಉಂಟು ಎಂದರ್ಥ, ಕಣ್ಣಿಗೆ ಕಾಣದಿದ್ದರೂ ದಾರವನ್ನು ಅದು ಕೊಯ್ಯುತ್ತದೆ. ತುದಿಯ ಉಂಗುರವನ್ನು ಎರಡು ಸಲ ನೋಡಿ. ಆಮೇಲೆ ಬಂದೂಕಿನ ಗುರಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಹಿಡಿಯಿಂದ ತುದಿಗೆ ನೋಡಿ, ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಕೊನೆಗೆ ರೀಲ್ ಕೂರಿಸಿ ತಿರುಪು ಬಿಗಿದು ಅಲ್ಲಾಡಿಸಿ. ಕಟಕಟ ಎಂದರೆ ಬೇರೆ ರಾಡ್ ತೋರಿಸಲು ಹೇಳಿ. ಅಂಗಡಿಯವರು ಮುಖ ಗಂಟಿಕ್ಕಬಹುದು. ದುಡ್ಡು ನಿಮ್ಮದು, ಅಲ್ವಾ?

3,000ವನ್ನು ಹಂಚುವಾಗ ಅರ್ಧಕ್ಕಿಂತ ಜಾಸ್ತಿ ರಾಡಿಗೆ ಸುರಿಯಬೇಡಿ. ರೀಲಿನ ಗಾತ್ರಕ್ಕೆ ನಂಬರ್ ಇರುತ್ತದೆ, 1000 ಅಥವಾ 2000 ನಂಬರಿನದ್ದು ಸಾಕು, ನಿಮಗೆ 2000. "13 ಬೇರಿಂಗ್" ಎಂದು ದೊಡ್ಡದಾಗಿ ಬರೆದದ್ದಕ್ಕೆ ಮರುಳಾಗಬೇಡಿ, ಕಳಪೆ ಹದಿಮೂರಕ್ಕಿಂತ ಒಳ್ಳೆಯ ನಾಲ್ಕು ಮೇಲು. ನೋಡಬೇಕಾದ್ದು ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕು. ದಾರವನ್ನು ಕೈಯಲ್ಲಿ ನಿಧಾನಕ್ಕೆ ಎಳೆಯಿರಿ. ತಡೆತಡೆದು ಜಗ್ಗಿದ ಹಾಗೆ ಬಂದರೆ ಬೇಡ, ಬೆಣ್ಣೆಯಂತೆ ಜಾರಿ ಬಂದರೆ ತಗೊಳ್ಳಿ. ದಾರ 6 ಪೌಂಡಿನ ಮಾಮೂಲಿ ನೈಲಾನ್. ಹೆಣೆದ ದಾರ ತೆಳ್ಳಗಿದ್ದರೂ ಬಲ ಜಾಸ್ತಿ, ಆದರೆ ಹೊಸಬರ ಕೈಯಲ್ಲಿ ಅದು ಗುಬ್ಬಿಗೂಡು ಆಗುತ್ತದೆ, ಬಿಡಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು.

ಡ್ರ್ಯಾಗ್ ಎಷ್ಟು ಬಿಗಿಯಬೇಕು? 6 ಪೌಂಡ್ ಎಂದರೆ ಸುಮಾರು 2.7 ಕಿಲೋಗೆ ದಾರ ಕಡಿಯುತ್ತದೆ. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ರೀಲ್ ಜಾರಬೇಕು. ಒಂದು ಲೀಟರ್ ಬಾಟಲಿಗೆ ಮುಕ್ಕಾಲು ನೀರು ತುಂಬಿಸಿ ದಾರದ ತುದಿಗೆ ಕಟ್ಟಿ, ರೀಲಿನಿಂದ ನೇರ ನೇತಾಡಿಸಿ, ಬಾಟಲಿ ಮೆಲ್ಲ ಕೆಳಗೆ ಇಳಿಯುವವರೆಗೆ ಡ್ರ್ಯಾಗ್ ಸಡಿಲಿಸಿ. ಅಷ್ಟೇ. ದೊಡ್ಡ ಕೆಂಪು ಸ್ನ್ಯಾಪರ್ ಕಚ್ಚಿದರೂ ದಾರ ಉಳಿದೀತು, ಬಂಡೆಯ ಸಂದಿಗೆ ನುಗ್ಗಿದರೆ ಮಾತ್ರ ದೇವರೇ ಗತಿ.

ಕುಳೂರಿನಿಂದ ಮನೆಗೆ ಬಂದ ದಿನವೇ ರಾಡು, ರೀಲಿಗೆ ಸಿಹಿನೀರು ಕಾಣಿಸಿ. ಡ್ರ್ಯಾಗ್ ಬಿಗಿ ಮಾಡಿ ಮೆಲ್ಲಗೆ ಚಿಮುಕಿಸಿ, ಪೈಪಿನಿಂದ ಜೋರಾಗಿ ಬಿಟ್ಟರೆ ಉಪ್ಪು ಒಳಗೇ ಹೋಗುತ್ತದೆ. ಒರೆಸಿ, ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿ ಒಣಗಿಸಿ.

ಹಾಂ, ಹಿಮಾಚಲದಲ್ಲಿ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಟ್ರೌಟ್ ಮರಿ ಮಾಡುವ ಚಳಿಗಾಲದಲ್ಲಿ, ನವೆಂಬರಿನಿಂದ ಫೆಬ್ರವರಿವರೆಗೆ, ಹಿಡಿಯುವಂತಿಲ್ಲ. ಮೇ ತಿಂಗಳು ಆದ್ದರಿಂದ ನಿಮಗೆ ತೊಂದರೆ ಇಲ್ಲ. ಯಾವ ಗಾಳ ಹಾಕಬಹುದು, ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದನ್ನು ಲೈಸೆನ್ಸ್ ಮಾಡಿಸುವಾಗಲೇ ಕೇಳಿಕೊಳ್ಳಿ.

ಪ್ರಶ್ನೆ: ಮಗಳಿಗೆ 9 ವರ್ಷ. ಉದ್ಯಾವರ ಹೊಳೆಯ ಬದಿಯಲ್ಲೇ ಮನೆ. ಅವಳಿಗೂ ಗಾಳ ಹಾಕಬೇಕಂತೆ. ಮಕ್ಕಳ ರಾಡ್ ಸೆಟ್ ಆನ್‌ಲೈನಿನಲ್ಲಿ ತರಿಸಲಾ, ಬಿದಿರಿನ ಕೋಲೇ ಸಾಕಾ?

ಉತ್ತರ: ಬಿದಿರೇ ಸಾಕು, ಮತ್ತೆ ಚಂದವೂ ಹೌದು. ಮಕ್ಕಳ ಸೆಟ್ಟಿನ ರೀಲ್ ಹೆಚ್ಚಾಗಿ ಆಟಿಕೆ, ಅದು ಕೈಕೊಟ್ಟರೆ ಮಗು ಗಾಳದ ಆಸೆಯನ್ನೇ ಬಿಡುತ್ತದೆ. ಅವಳ ಎತ್ತರಕ್ಕಿಂತ ಒಂದೂವರೆ ಪಟ್ಟು ಉದ್ದದ, ತೆಳ್ಳಗಿನ ಒಣ ಬಿದಿರು ಆರಿಸಿ. ತುದಿಗೆ ನೈಲಾನ್ ದಾರ ಬಿಗಿಯಾಗಿ ಕಟ್ಟಿ, ದಾರ ಕೋಲಿಗಿಂತ ಉದ್ದ ಬೇಡ, ಎಸೆಯಲು ಆಗುವುದಿಲ್ಲ. ಹಳೇ ಹವಾಯಿ ಚಪ್ಪಲಿಯಿಂದ ಹೆಬ್ಬೆರಳ ಗಾತ್ರದ ತುಂಡು ಕತ್ತರಿಸಿದರೆ ಅದೇ ತೇಲುಬುರುಡೆ. ಕೆಳಗೆ ಜೋಳದ ಕಾಳಿನಷ್ಟು ಸೀಸ, 10 ನಂಬರಿನ ಸಣ್ಣ ಗಾಳ. ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ, ಬೆರಳಿಗೆ ಚುಚ್ಚಿದರೂ ಸುಲಭಕ್ಕೆ ಬರುತ್ತದೆ. ತೆಂಗಿನ ಬುಡ ಅಗೆದರೆ ಎರೆಹುಳ ಸಿಕ್ಕೇ ಸಿಗುತ್ತದೆ. ಅದನ್ನು ಮುಟ್ಟಲು ಅಸಹ್ಯ ಎಂದರೆ ಗೋಧಿಹಿಟ್ಟು ಗಟ್ಟಿಯಾಗಿ ಕಲಸಿ ಉಂಡೆ ಮಾಡಿ. ಮುಗುಡು ಮೀನು ಬಂದರೆ ಮಾತ್ರ ಅವಳಿಗೆ ಬಿಡಿಸಲು ಬಿಡಬೇಡಿ, ಅದರ ಮುಳ್ಳು ಚುಚ್ಚಿದರೆ ರಾತ್ರಿಯಿಡೀ ಉರಿ. ಮತ್ತೆ ನೀವು ಪಕ್ಕದಲ್ಲೇ ಕೂತಿರಬೇಕು, ಫೋನ್ ಕಿಸೆಯಲ್ಲಿ.

ಪ್ರಶ್ನೆ: ಇದೇ ಲೈಟ್ ರಾಡಿನಲ್ಲಿ ಸೋಮೇಶ್ವರದ ಬಂಡೆ ಮೇಲಿಂದ ಸಮುದ್ರಕ್ಕೆ ಎಸೆಯಬಹುದಾ? ಜೂನ್‌ನಲ್ಲಿ ಮೀನು ದಡಕ್ಕೆ ಬರುತ್ತದಂತೆ.

ಉತ್ತರ: ಎಸೆದರೆ ಅಲೆ ನಿಮ್ಮ ಸೀಸವನ್ನು ನಿಮಗೇ ವಾಪಸ್ ತಂದುಕೊಡುತ್ತದೆ. ಅಲೆ ದಾಟಿಸಲು 9-10 ಅಡಿಯ ರಾಡು, 50 ಗ್ರಾಂ ಮೇಲಿನ ತೂಕ ಬೇಕು. ಅದಿದ್ದರೂ ಜೂನ್‌ನಲ್ಲಿ ಆ ಬಂಡೆ ಹತ್ತಬೇಡಿ. ಪಾಚಿ ಕಟ್ಟಿರುತ್ತದೆ, ಅಲೆ ಹೇಳಿ ಕೇಳಿ ಬರುವುದಿಲ್ಲ. ಮಳೆಗಾಲದಲ್ಲಿ ಕೈ ತುರಿಸಿದರೆ ಒಳಗಿನ ಕೆರೆಗೋ ತೋಡಿಗೋ ಹೋಗಿ. ಸೋಮೇಶ್ವರಕ್ಕೆ ನವೆಂಬರಿನಲ್ಲಿ ನೋಡೋಣ.